ಆಟದ ಅಂಗಳದಿಂದ ಪಠ್ಯಕ್ರಮಕ್ಕೆ: ವೃಂದಗತ ಸಮಾಜಕಾರ್ಯದ ಕಲಿಕೆ

ಚಿಕ್ಕ ಗುಂಪೊಂದರ ಸದಸ್ಯರು ಪರಸ್ಪರ ಒಡನಾಟದ ಮೂಲಕವೇ ಬೆಳೆಯುವಂತೆ ನೆರವಾಗುವ ವೃಂದಗತ ಸಮಾಜಕಾರ್ಯವನ್ನು ಸಮಾಜಕಾರ್ಯದ ವಿದ್ಯಾರ್ಥಿಗಳು ಇಂದು ಪ್ರತ್ಯೇಕ ವಿಷಯವಾಗಿ ಓದುತ್ತಾರಾದರೂ, ಆ ವಿಧಾನ ಹುಟ್ಟಿದ್ದು ತರಗತಿಯಲ್ಲಲ್ಲ. 1884ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಟಾಯ್ನ್‌ಬಿ ಹಾಲ್, 1889ರಲ್ಲಿ ಷಿಕಾಗೋದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅವರ ಹಲ್ ಹೌಸ್ ಆರಂಭವಾದವು. ಓದಿದವರು ಬಡವರ ಕೇರಿಯಲ್ಲೇ ನೆಲೆಸಿ ನೆರೆಹೊರೆಯವರೊಡನೆ ಬದುಕುವ ಈ ಕೇಂದ್ರಗಳಲ್ಲಿ ಆಟ, ನಾಟಕ, ಹೊಲಿಗೆ, ಚರ್ಚಾಕೂಟಗಳು ನಡೆಯುತ್ತಿದ್ದವು. ಅವುಗಳನ್ನು ನಡೆಸುವುದು ಒಳ್ಳೆಯ ಮನಸ್ಸಿದ್ದವರೆಲ್ಲರಿಗೂ ಬರುವ ಕೆಲಸವೆಂದೇ ಬಹುಕಾಲ ಭಾವಿಸಲಾಗಿತ್ತು.

ಅದು ಕಲಿತು ಮಾಡಬೇಕಾದ ಕೆಲಸವೆಂಬ ತಿಳಿವಳಿಕೆ 1923ರಲ್ಲಿ ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಗುಂಪು ನಡೆಸುವವರಿಗೆ ತರಬೇತಿ ತೆರೆದಾಗ ರೂಪ ಪಡೆಯಿತು. 1934ರಲ್ಲಿ ಅಲ್ಲಿಗೆ ಬಂದ ಗ್ರೇಸ್ ಕಾಯ್ಲ್, ಸಂಘಟಿತ ಗುಂಪುಗಳ ಒಳನಡೆಯನ್ನು ಕುರಿತು 1930ರಲ್ಲೇ ಗ್ರಂಥ ಬರೆದಿದ್ದರು. ಆಟವಾಗಲಿ ನಾಟಕವಾಗಲಿ ಸಾಧನ ಮಾತ್ರ, ಅದರ ನೆಪದಲ್ಲಿ ಸದಸ್ಯರ ನಡುವೆ ನಡೆಯುವುದೇ ಮುಖ್ಯ ಎಂಬ ದೃಷ್ಟಿಯಿಂದ ಪ್ರಕ್ರಿಯಾ ದಾಖಲೆ, ಅಂದರೆ ಸಭೆಯಲ್ಲಿ ನಡೆದುದನ್ನು ನಡೆದ ಕ್ರಮದಲ್ಲೇ ಬರೆದಿಡುವ ರೂಢಿ, ಈ ಕಲಿಕೆಯ ಬೆನ್ನೆಲುಬಾಯಿತು. ಯಾರ ಪಕ್ಕ ಯಾರು ಕುಳಿತರು, ಯಾರ ಮಾತಿಗೆ ಯಾರು ಸುಮ್ಮನಾದರು, ಜಗಳ ಎದ್ದಾಗ ವಿದ್ಯಾರ್ಥಿ ಬಾಯಿ ಹಾಕಿದನೇ, ತಡೆದುಕೊಂಡನೇ ಎಂಬುದೆಲ್ಲ ಅದರಲ್ಲಿ ಬರಬೇಕು. ತಡೆದುಕೊಳ್ಳುವುದೇ ಇವುಗಳಲ್ಲಿ ಕಷ್ಟದ್ದು.

ಹಾಗೆ ತಡೆದುಕೊಳ್ಳುವುದೇಕೆ ಮುಖ್ಯವೆಂಬುದನ್ನು ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಯೋವಾದಲ್ಲಿ ನಡೆಸಿ 1939ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು: ಹತ್ತರ ಆಸುಪಾಸಿನ ಹುಡುಗರು ಕೈಕೆಲಸದಲ್ಲಿ ತೊಡಗಿದ್ದಾಗ ಮುಂದಾಳು ಹೊರಗೆ ಹೋದರೆ, ಅಪ್ಪಣೆಯಿಂದ ನಡೆಯುತ್ತಿದ್ದ ಗುಂಪಿನ ಕೆಲಸ ಕುಸಿಯಿತು, ಕೂಡಿ ತೀರ್ಮಾನಿಸುತ್ತಿದ್ದ ಗುಂಪಿನದು ಬಹುಮಟ್ಟಿಗೆ ಮುಂದುವರಿಯಿತು.

ಭಾರತದಲ್ಲಿ ಸಮಾಜಕಾರ್ಯದ ಶಿಕ್ಷಣ ಆರಂಭವಾದದ್ದೂ ಹಲ್ ಹೌಸಿನಂಥದೇ ಕೇಂದ್ರದ ನೆರಳಿನಲ್ಲಿ. ಬೊಂಬಾಯಿಯ ನಾಗಪಾಡಾದಲ್ಲಿ ನೆರೆಹೊರೆ ಕೇಂದ್ರ ನಡೆಸುತ್ತಿದ್ದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ 1936ರಲ್ಲಿ ತೆರೆದ ಸಮಾಜಕಾರ್ಯ ಶಾಲೆಯೇ 1944ರಿಂದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿತು. ಮಂಗಳೂರಿನ ಸಮಾಜಕಾರ್ಯ ಶಾಲೆ ರೋಶನಿ ನಿಲಯ 1960ರಲ್ಲಿ ಬಂದಿತು. ಪಠ್ಯ ಮಾತ್ರ ಅಮೆರಿಕದ ಅಚ್ಚಿನದಾಗಿಯೇ ಉಳಿದು, ಹಳ್ಳಿಯ ಜಗಲಿ ಅದರಲ್ಲಿ ಕಾಣಿಸಿಕೊಳ್ಳಲು ತಡವಾಯಿತೆನ್ನಬೇಕು. ಆದರೆ ಹಳ್ಳಿಯ ಗುಂಪುಗಳು ಪಠ್ಯದ ಹೊರಗೇ ಬೆಳೆದವು: 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ಬರನ್ನೊಬ್ಬರು ನಂಬುವವರಷ್ಟೇ ಸೇರಿ ಚಿಕ್ಕ ಗುಂಪುಗಳಾದಾಗ, ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಅವುಗಳನ್ನು ಬೆಳೆಸಿತು; ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿನೊಂದಿಗೆ ಜೋಡಿಸುವ, ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡಿನ ಪ್ರಾಯೋಗಿಕ ಯೋಜನೆ 1992ರಲ್ಲಿ 500 ಗುಂಪುಗಳ ಗುರಿಯೊಂದಿಗೆ ಆರಂಭವಾಯಿತು.