ಎಂಟೂವರೆ ಲಕ್ಷ ಜೆಲ್ಲಿಮೀನುಗಳು

ಜೀವಂತ ಕೋಶದೊಳಗೆ ಒಂದು ಪ್ರೋಟೀನು ಎಲ್ಲಿದೆ, ಎತ್ತ ಸಾಗುತ್ತಿದೆ ಎಂಬುದನ್ನು ಇಂದು ಕಣ್ಣಾರೆ ನೋಡಬಹುದು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಜೆಲ್ಲಿಮೀನಿನಲ್ಲಿ ಸಿಕ್ಕ, ಹಸಿರಾಗಿ ಬೆಳಗುವ ಜಿಎಫ್‌ಪಿ ಎಂಬ ಪ್ರೋಟೀನು. ಕೋಶಕ್ಕೆ ಬೆಳಕಿನ ಗುರುತು ಹಾಕುವ ವಿದ್ಯೆ ಅದಕ್ಕೂ ಹಳೆಯದು. ಅಡಾಲ್ಫ್ ಬೇಯರ್ 1871ರಲ್ಲಿ ಫ್ಲೋರೆಸೀನ್ ಎಂಬ ಬಣ್ಣವನ್ನು ತಯಾರಿಸಿದ. 1940ರ ದಶಕದ ಆರಂಭದಲ್ಲಿ ಆಲ್ಬರ್ಟ್ ಕೂನ್ಸ್ ಪ್ರತಿಕಾಯಗಳಿಗೆ ಪ್ರತಿದೀಪ್ತ ಬಣ್ಣ ಅಂಟಿಸಿ, ಬೇಕಾದ ಅಣುವನ್ನೇ ಹುಡುಕಿ ಹಿಡಿಯುವುದನ್ನು ತೋರಿಸಿಕೊಟ್ಟ. ಆದರೆ ಪ್ರತಿಕಾಯ ತಾನಾಗಿ ಜೀವಂತ ಕೋಶದ ಪೊರೆ ದಾಟದು. ಒಳಗಿನದನ್ನು ಕಾಣಬೇಕಾದರೆ ಸಾಮಾನ್ಯವಾಗಿ ಮೊದಲು ಕೋಶವನ್ನು ಕೊಲ್ಲಬೇಕಿತ್ತು. ಈ ಅಡ್ಡಿಯನ್ನು ಜಿಎಫ್‌ಪಿ ಕಳೆಯಿತು. ಒಸಾಮು ಶಿಮೊಮುರಾ, ಮಾರ್ಟಿನ್ ಚಾಲ್ಫಿ, ರೋಜರ್ ತ್ಸಿಯೆನ್ ಅವರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಇದಕ್ಕಾಗಿ. ಈ ಕಥೆಯನ್ನು ಒಂದು ಅದೃಷ್ಟದ ಗಳಿಗೆಯ ಕಥೆಯಾಗಿ ಹೇಳುವುದು ರೂಢಿ. ನನಗೆ ಮಾತ್ರ ಇದು ಒಂದು ಕಸುಬಿನ ಚರಿತ್ರೆಯಾಗಿ ಕಾಣುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಹ್ವಾನ್ ದ್ವೀಪದಲ್ಲಿರುವ ಫ್ರೈಡೇ ಹಾರ್ಬರ್ ಎಂಬ ಸಣ್ಣ ಊರಿನಲ್ಲಿ ಎರಡು ದಶಕ ನಡೆದ ಜೆಲ್ಲಿಮೀನು ಹಿಡಿಯುವ, ಕತ್ತರಿಸುವ, ಹಿಂಡುವ ಕಸುಬಿಲ್ಲದೆ ಈ ಹಸಿರು ನಮಗೆ ದಕ್ಕುತ್ತಿರಲಿಲ್ಲ.

ಪ್ರಿನ್ಸ್‌ಟನ್ನಿನ ಫ್ರಾಂಕ್ ಜಾನ್ಸನ್ ಮತ್ತು ಶಿಮೊಮುರಾ ಅಲ್ಲಿಗೆ ಹೋದದ್ದು 1961ರ ಬೇಸಿಗೆಯಲ್ಲಿ. ಅವರು ಹುಡುಕುತ್ತಿದ್ದದ್ದು ಏಕ್ವೋರಿಯಾ ಎಂಬ ಜೆಲ್ಲಿಮೀನಿನ ಬೆಳಕಿನ ಮೂಲವನ್ನು. ಅಂಗೈಯಗಲದ ಪಾರದರ್ಶಕ ಛತ್ರಿಯಂಥ ಈ ಜೀವಿಯ ಅಂಚಿನಲ್ಲಷ್ಟೇ ಬೆಳಗುವ ಅಂಗಗಳಿವೆ. ಆದ್ದರಿಂದ ಪ್ರತಿಯೊಂದನ್ನೂ ಉದ್ದ ಕೋಲಿನ ಬಲೆಯಿಂದ ಎತ್ತಿ, ಅಂಚನ್ನು ಕತ್ತರಿಯಿಂದ ತೆಳ್ಳಗೆ ಬಳೆಯಂತೆ ಕತ್ತರಿಸಿ, ಬಟ್ಟೆಯಲ್ಲಿ ಹಿಂಡಬೇಕಿತ್ತು. ಆ ಬೇಸಿಗೆಯಲ್ಲಿ ಸುಮಾರು 10,000 ಜೆಲ್ಲಿಮೀನುಗಳಿಂದ ದೊರೆತ ಶುದ್ಧ ಏಕ್ವೋರಿನ್, ಅಂದರೆ ಆ ಬೆಳಕು ಕೊಡುವ ಪ್ರೋಟೀನು, ಕೇವಲ 5 ಮಿಲಿಗ್ರಾಮಿನಷ್ಟು. ಮುಂದೆ ಅದು ಬೆಳಗುವ ಬಗೆಯನ್ನು ತಿಳಿಯಲು ಹೊರಟಾಗ ಒಂದೊಂದು ಪ್ರಯೋಗಕ್ಕೂ 50,000 ಜೆಲ್ಲಿಮೀನುಗಳಾದರೂ ಬೇಕಾದವು. ಒಂದು ಬೇಸಿಗೆಯಲ್ಲಿ ಅಷ್ಟು ಕೂಡಿಸಲು ದಿನಕ್ಕೆ 3,000ದಷ್ಟು ಹಿಡಿಯಬೇಕಿತ್ತು. ಜಾನ್ಸನ್ ಅಂಚು ಕತ್ತರಿಸಲು ಯಂತ್ರವನ್ನೇ ಮಾಡಿದ. ಶಿಮೊಮುರಾ ಅವರ ಪತ್ನಿ ಅಕೆಮಿ ಮತ್ತು ಇಬ್ಬರು ಮಕ್ಕಳು ಬಲೆ ಹಿಡಿದರು. ವರ್ಷಗಳ ಲೆಕ್ಕ ಕೂಡಿದಾಗ ಹಿಡಿದದ್ದು ಸುಮಾರು 8,50,000. ನೊಬೆಲ್ ಪಟ್ಟಿಯಲ್ಲಿ ಬಲೆ ಹಿಡಿದ ಇವರ ಹೆಸರಿಲ್ಲ. ಚರಿತ್ರೆ ಬರೆಯುವವರಾದರೂ ಅವರನ್ನು ಮರೆಯಬಾರದು.

ಅದೃಷ್ಟವಿರಲಿಲ್ಲವೇ ಎಂದು ಕೇಳಬಹುದು. ಪ್ರಯೋಗದ ಉಳಿಕೆಯನ್ನು ತೊಟ್ಟಿಗೆ ಸುರಿದಾಗ ತೊಟ್ಟಿ ನೀಲಿಯಾಗಿ ಮಿಂಚಿತು, ಅಲ್ಲಿಗೆ ಹರಿದು ಬರುತ್ತಿದ್ದ ಸಮುದ್ರದ ನೀರಿನ ಕ್ಯಾಲ್ಸಿಯಂ ಅದಕ್ಕೆ ಕಾರಣವಾಗಿತ್ತು ಎಂಬುದು ನಿಜ. ಆದರೆ ಸುರಿಯುವ ಮುಂಚೆ ಆಗಿದ್ದ ಕೆಲಸವನ್ನು ನೋಡಬೇಕು. ಬೆಳಗುವ ಜೀವಿಯಲ್ಲಿ ಲೂಸಿಫೆರಿನ್ ಎಂಬ ಇಂಧನ, ಲೂಸಿಫೆರೇಸ್ ಎಂಬ ಕಿಣ್ವದ ಜೋಡಿ ಇರಲೇಬೇಕೆಂಬ ಅಂದಿನ ನಂಬಿಕೆಯನ್ನು ಶಿಮೊಮುರಾ ಬದಿಗಿಟ್ಟಿದ್ದರು. ದೋಣಿಯಲ್ಲಿ ಒಬ್ಬರೇ ಕೂತು ದಿನಗಟ್ಟಲೆ ಯೋಚಿಸಿ, ಆಮ್ಲತೆ ಹೆಚ್ಚಿಸಿ ಬೆಳಕನ್ನು ತಡೆಹಿಡಿಯಬಹುದೆಂದು ಕಂಡುಕೊಂಡಿದ್ದರು. ಆ ತಡೆಯಿಂದ ಉಳಿದುಕೊಂಡ ಪ್ರೋಟೀನೇ ತೊಟ್ಟಿಯಲ್ಲಿ ಹೊತ್ತಿಕೊಂಡದ್ದು. ಆಕಸ್ಮಿಕ ಕೊಟ್ಟದ್ದು ಕ್ಯಾಲ್ಸಿಯಮ್ಮಿನ ಸುಳಿವನ್ನು ಮಾತ್ರ. ಇನ್ನು ಹಸಿರು ಪ್ರೋಟೀನು ಆ ಮಿಂಚಿನಲ್ಲಿ ಸಿಕ್ಕಿದ್ದೇ ಅಲ್ಲ. ಏಕ್ವೋರಿನ್ನನ್ನು ಶುದ್ಧಮಾಡುವಾಗ ಜೊತೆಗೆ ಬಂದ ಅದನ್ನು 1962ರ ಪ್ರಬಂಧದಲ್ಲಿ ಬದಿಮಾತಾಗಿಯಷ್ಟೇ ಹೇಳಿದ್ದರು. ಆದರೂ ಎಸೆಯದೆ ವರ್ಷವರ್ಷವೂ ಕೂಡಿಟ್ಟರು. 1979ರಲ್ಲಿ ಅದರೊಳಗಿನ ಬಣ್ಣದ ಭಾಗದ ರಚನೆಯನ್ನು ಬಿಡಿಸಲು ಸಾಧ್ಯವಾದದ್ದು ಹೀಗೆ ಕೂಡಿಟ್ಟ ದಾಸ್ತಾನಿನಿಂದ. ಬಣ್ಣದ ಭಾಗ ಹೊರಗಿನಿಂದ ಅಂಟಿಕೊಂಡದ್ದಲ್ಲ, ಪ್ರೋಟೀನಿನದೇ ಸರಪಳಿಯ ಅಂಗ ಎಂಬ ತಿಳಿವು ಇಲ್ಲಿಂದ ಬಂತು. ಅದಿಲ್ಲದಿದ್ದರೆ ಜೀನ್ ಒಂದನ್ನೇ ಬೇರೆ ಜೀವಿಗೆ ಕೊಟ್ಟು ಬೆಳಕನ್ನು ನಿರೀಕ್ಷಿಸಲು ಯಾರಿಗೆ ಧೈರ್ಯವಿರುತ್ತಿತ್ತು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ವಿಜ್ಞಾನಿ ಡಗ್ಲಸ್ ಪ್ರಾಷರ್ 1992ರಲ್ಲಿ ಜಿಎಫ್‌ಪಿಯ ಜೀನನ್ನು ಬೇರ್ಪಡಿಸಿದರು. 1994ರಲ್ಲಿ ಚಾಲ್ಫಿ ಅದನ್ನು ಬ್ಯಾಕ್ಟೀರಿಯಾಕ್ಕೂ ಸಣ್ಣ ದುಂಡುಹುಳುವಿಗೂ ಕೊಟ್ಟಾಗ, ಜೆಲ್ಲಿಮೀನಿನ ಬೇರಾವ ನೆರವೂ ಇಲ್ಲದೆ ಹಸಿರು ಬೆಳಗಿತು. ತ್ಸಿಯೆನ್ ಅದನ್ನು ತಿದ್ದಿ ಇನ್ನಷ್ಟು ಪ್ರಖರವಾಗಿಸಿ, ಬೇರೆ ಬಣ್ಣಗಳನ್ನೂ ತಂದರು. ಅಂದಮೇಲೆ ಬಲೆ, ಕತ್ತರಿಗಳ ಕಾಲ ಬರಿಯ ಪೂರ್ವಪೀಠಿಕೆಯಲ್ಲವೇ? ಅಲ್ಲ. ಪ್ರಾಷರ್ ಜೀನನ್ನು ಹುಡುಕಿದ್ದು ಜೆಲ್ಲಿಮೀನಿನ ಅಂಗಾಂಶದಲ್ಲಿ, ಶುದ್ಧ ಪ್ರೋಟೀನಿನಿಂದ ತಿಳಿದ ಅಮೈನೋ ಆಮ್ಲಗಳ ಸಾಲನ್ನೇ ಸುಳಿವಾಗಿಟ್ಟುಕೊಂಡು. ಎರಡೂ ಆ ಕಸುಬಿನ ಫಲಗಳೇ. ಅನುದಾನ ಮುಗಿದು ಮುಂದುವರಿಯಲಾಗದೆ ಅವರು ಜೀನನ್ನು ಚಾಲ್ಫಿ, ತ್ಸಿಯೆನ್ ಇಬ್ಬರಿಗೂ ಕಳುಹಿಸಿಕೊಟ್ಟರು. ನೊಬೆಲ್ ಪ್ರಕಟವಾದಾಗ ಅಲಬಾಮಾದಲ್ಲಿ ಕಾರು ಮಾರಾಟಗಾರರೊಬ್ಬರ ಗ್ರಾಹಕರನ್ನು ಕರೆದೊಯ್ಯುವ ವಾಹನದ ಚಾಲಕರಾಗಿದ್ದರು. ಇದು ನೋವಿನ ಸಂಗತಿ. ಆದರೆ ಅವರ ಕೆಲಸವೂ ಆ ಬಲೆಗಳ ಕಾಲವನ್ನೇ ನೆಚ್ಚಿತ್ತು. 1990ರ ನಂತರ ಫ್ರೈಡೇ ಹಾರ್ಬರಿನಲ್ಲಿ ಏಕ್ವೋರಿಯಾ ಎಷ್ಟು ವಿರಳವಾಯಿತೆಂದರೆ, ಅಲ್ಲಿಂದ ಕೆಲವು ಮಿಲಿಗ್ರಾಂ ಜಿಎಫ್‌ಪಿ ತೆಗೆಯುವುದೂ ಆಗದ ಮಾತಾಯಿತು. ಪ್ರಾಷರ್ ಹತ್ತು ವರ್ಷ ತಡವಾಗಿ ಹೊರಟಿದ್ದರೆ ಆ ಕೊಲ್ಲಿಯಲ್ಲಿ ಅವರ ಬಲೆಗೆ ಸಿಗುತ್ತಿದ್ದದ್ದು ತೀರ ಕಡಿಮೆ.