ಕಟ್ಟೆ ಕಟ್ಟಿದ ಮೇಲೆ ಹೊಳೆ: ಕೊಳ್ಳೇಗಾಲ ಸೀಮೆಯ ಕಥೆ

ಹೊಳೆಗೆ ಅಡ್ಡಗಟ್ಟುವಾಗ ನಾವು ನೀರಿನ ಲೆಕ್ಕ ಹಾಕುತ್ತೇವೆ, ಮರಳು–ಮಣ್ಣಿನ ಲೆಕ್ಕ ಮರೆಯುತ್ತೇವೆ. 2008ರಲ್ಲಿ ಭೂವಿಜ್ಞಾನಿಗಳಾದ ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ 'ಸೈನ್ಸ್' ಪತ್ರಿಕೆಯಲ್ಲಿ ಆ ಲೆಕ್ಕ ಬಿಚ್ಚಿಟ್ಟರು. ಪೂರ್ವ ಅಮೆರಿಕದಲ್ಲಿ ಸಹಜವೆಂದು ನಂಬಿದ್ದ ಎಷ್ಟೋ ಹೊಳೆದಂಡೆಗಳು ನೀರಗಿರಣಿಗಳ ಕಟ್ಟೆಗಳ ಹಿಂದೆ ನಿಂತ ಹೂಳು ಎಂದು ತೋರಿಸಿದರು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳೆಯ ಕಟ್ಟೆಗಳು ಹುಟ್ಟಿದ್ದು ಗಿರಣಿಗಾಗಿ ಅಲ್ಲ, ಗದ್ದೆಗಾಗಿ. ಆದರೂ ಕಟ್ಟೆ ಕಟ್ಟಿದ ಮೇಲೆ ಮರಳು–ಮಣ್ಣು ಏನಾಗುತ್ತದೆ ಎಂಬ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಇಲ್ಲಿ ಕಟ್ಟೆಗಳ ಕಥೆಗೆ ಮೂರು ಘಟ್ಟ.

ತಲಕಾಡಿನ ಮೇಲ್ಭಾಗದ ಮಾಧವಮಂತ್ರಿ ಕಟ್ಟೆ, ಸತ್ತೇಗಾಲದ ಬಳಿಯ ಧನಗೆರೆ ಕಟ್ಟೆ ಮೊದಲ ಘಟ್ಟದವು. ತಗ್ಗಾದ ಕಲ್ಲುಗೋಡೆ ನೀರನ್ನು ನಾಲೆಯ ಬಾಯಿಯ ಮಟ್ಟಕ್ಕೆ ಏರಿಸುತ್ತದೆ. ಮಳೆಗಾಲದ ಪ್ರವಾಹ ಅದರ ಮೇಲೆ ಉಕ್ಕಿ ಹರಿಯುತ್ತದೆ. ಬೇಸಗೆಯಲ್ಲಿ ನೀರು ನಾಲೆಗೆ ತಿರುಗಿದಾಗ ಮಾತ್ರ ಕೆಳಗಿನ ಪಾತ್ರ ಬಯಲಾಗುತ್ತದೆ. 14ನೇ ಶತಮಾನದ್ದೆನ್ನುವ ಮಾಧವಮಂತ್ರಿ ಕಟ್ಟೆಯಿಂದ ಹೀಗೆ ಬಯಲಾದ ಮರಳೇ ಗಾಳಿಗೆ ತೂರಿ ತಲಕಾಡಿನ ಗುಡಿಗಳನ್ನು ಮುಚ್ಚಿತು ಎಂಬುದು ವಿಜ್ಞಾನಿ, ಸಾಹಿತಿ ಕೆ.ಎನ್. ಗಣೇಶಯ್ಯನವರ ವಾದ. ತಲಕಾಡು ಮರಳಾಗಲೆಂಬ ಅಲಮೇಲಮ್ಮನ ಶಾಪದ ಫಲವೆಂದು ಜನ ಹೇಳಿಕೊಂಡು ಬಂದದ್ದಕ್ಕೆ ಅವರು ಹೊಳೆಯೊಳಗೇ ಕಾರಣ ಹುಡುಕಿದರು.

ಎರಡನೆಯ ಘಟ್ಟ ಶಿವನಸಮುದ್ರದ್ದು. ಜಲಪಾತದ ಮೇಲೆಯೇ ತಿರುಗಿಸಿದ ನೀರು ಕೊಳವೆಗಳಲ್ಲಿ ಧುಮುಕಿ ಟರ್ಬೈನ್ ತಿರುಗಿಸಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಗದ್ದೆ ಕೊಯ್ಲಾದ ಮೇಲೆ ಬಿಡುವು ಕೊಡುತ್ತದೆ, ಯಂತ್ರ ಕೊಡುವುದಿಲ್ಲ. ವರ್ಷವಿಡೀ ನೀರು ಬೇಕೆಂಬ ಈ ಒತ್ತಾಯವೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಕಾರಣ.  

ಮೂರನೆಯದು ಹೊಳೆಯನ್ನೇ ತಡೆದು ನಿಲ್ಲಿಸುವ ಜಲಾಶಯಗಳ ಕಾಲ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆಯ ಹಿನ್ನೀರು ಹನೂರಿನ ಅಂಚಿನ ಪಾಲಾರ್ ಕಡೆಗೆ ಚಾಚಿತು. ಯಳಂದೂರನ್ನು ಹಾದು ಕಾವೇರಿ ಸೇರುವ ಸುವರ್ಣಾವತಿಗೆ 1970ರ ದಶಕದಲ್ಲಿ ಮೇಲ್ಭಾಗದಲ್ಲೇ ಅಣೆಕಟ್ಟೆ ಬಂತು. ಬೆಟ್ಟದ ಹಳ್ಳಗಳಿಗೆ ಗುಂಡಾಲ್, ಉಡುತೊರೆಹಳ್ಳ ಜಲಾಶಯಗಳು ಬಂದವು. ಒಣಭೂಮಿಗೆ ನೀರು ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ನಿಂತ ನೀರಲ್ಲಿ ಹೂಳು ತಳ ಸೇರುತ್ತದೆ, ಜಲಾಶಯದ ಹೊಟ್ಟೆ ಕಿರಿದಾಗುತ್ತದೆ, ಕೆಳಗಿನ ಹೊಳೆಗೆ ಹೊಸ ಮರಳು ಇಳಿಯುವುದಿಲ್ಲ.

ಈಗ ಕಾವೇರಿಗೆ ಹೊಸ ಅಣೆಕಟ್ಟೆ ಕಟ್ಟುವ ಮೇಕೆದಾಟು ಯೋಜನೆ ಮುಂದಿದೆ: 67 ಟಿಎಂಸಿ ಅಡಿ ನೀರು, ಮುಳುಗುವ ನೆಲದಲ್ಲಿ ಕಾವೇರಿ ವನ್ಯಧಾಮದ ಕಾಡು. ಅದರ ಪರ–ವಿರೋಧದ ಮಾತು ಹೆಚ್ಚಾಗಿ ನೀರಿನ ಹಂಚಿಕೆಯ ಸುತ್ತ ಸುತ್ತುತ್ತಿದೆ. ಇರುವ ಜಲಾಶಯಗಳಲ್ಲಿ ಎಷ್ಟು ಹೂಳಿದೆ, ಬೇಸಗೆಯಲ್ಲಿ ಸುವರ್ಣಾವತಿಗೆ ಎಷ್ಟು ನೀರು ಬಿಡಬೇಕು, ಹೊಸ ಕಟ್ಟೆಯ ಕೆಳಗೆ ಮರಳಿನ ಗತಿ ಏನು ಎಂಬುದನ್ನು ಅಳೆದು ಜನರ ಮುಂದಿಡಬೇಕು. ಆ ಅಳತೆಯಿಲ್ಲದೆ ಮತ್ತೊಂದು ಕಲ್ಲು ಇಡುವುದು ತಲಕಾಡಿನ ಪಾಠವನ್ನು ಓದದೆ ಮಡಿಚಿಟ್ಟಂತೆ.