ಓದಿದ್ದು ಯಾವ ಇಸ್ಕೂಲು?

1954ರ ಜುಲೈ ತಿಂಗಳು. ಅಮೆರಿಕದ ದಕ್ಷಿಣ ಭಾಗದ ಮೆಂಫಿಸ್ ಎಂಬ ಊರು. ಅಲ್ಲಿನ ರೇಡಿಯೋದಲ್ಲಿ ರಾತ್ರಿ ಹೊತ್ತು ಹಾಡು ಹಾಕುತ್ತಿದ್ದ ಡ್ಯೂಯಿ ಫಿಲಿಪ್ಸ್ ಎಂಬ ಬಿಳಿಯ, ಇನ್ನೂ ಅಂಗಡಿಗೆ ಬಾರದ ಒಂದು ಹೊಸ ಹಾಡು ಹಾಕಿದ. ಕೇಳಿದವರು ಫೋನ್ ಮೇಲೆ ಫೋನ್ ಮಾಡಿ ಇನ್ನೊಂದು ಸಲ ಹಾಕು ಅಂದರು. ಅವನು ಮತ್ತೆ ಮತ್ತೆ ಹಾಕಿದ. ಹಾಡಿದ ಹುಡುಗನನ್ನು ಆ ರಾತ್ರಿಯೇ ಕರೆಸಿದ. ಹತ್ತೊಂಬತ್ತು ವರ್ಷದ ಹುಡುಗ, ಹೆಸರು ಎಲ್ವಿಸ್ ಪ್ರೆಸ್ಲಿ. ಅದೂ ಇದೂ ಮಾತಾಡುತ್ತ ಫಿಲಿಪ್ಸ್ ಕೇಳಿದ: ಓದಿದ್ದು ಯಾವ ಹೈಸ್ಕೂಲು? ಹುಡುಗ ಹ್ಯೂಮ್ಸ್ ಅಂದ.

ಹ್ಯೂಮ್ಸ್ ಬಿಳಿಯರ ಸ್ಕೂಲು. ಊರಿಗೆ ಊರೇ ಅರ್ಥ ಮಾಡಿಕೊಂಡಿತು. ದನಿ ಕೇಳಿ ಇವನು ಕರಿಯನಿರಬೇಕು ಅಂದುಕೊಂಡಿದ್ದವರ ಅನುಮಾನ ತೀರಿತು.

ಈ ಪ್ರಶ್ನೆಯ ಒಳಗುಟ್ಟನ್ನು ಬೇರೆಯವರಿಗೆ ಬಿಡಿಸಿ ಹೇಳಬೇಕಾಗಬಹುದು. ನಮಗೆ ಬೇಕಿಲ್ಲ. ‘ನಿಮ್ಮನೆ ಯಾವ ಬೀದಿಲಿ ಬರುತ್ತೆ?’, ‘ಮನೆದೇವ್ರು ಯಾವುದು?’ ಅಂತ ನಗುನಗುತ್ತಾ ಕೇಳುವ ಬಾಡಿಗೆ ಮನೆ ಓನರುಗಳನ್ನು ಕಂಡವರು ನಾವು. ಜಾತಿ ಅನ್ನೋ ಮಾತೇ ಬಾಯಿಗೆ ಬರೋದಿಲ್ಲ, ಆದರೆ ಕೆಲಸ ಮುಗಿದಿರುತ್ತೆ. ಕರಿಯರಿಗೊಂದು ಬಿಳಿಯರಿಗೊಂದು ಸ್ಕೂಲು ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1954ರ ಮೇ 17ರಂದು. ಆಮೇಲೆ ಎರಡು ತಿಂಗಳೂ ಕಳೆದಿರಲಿಲ್ಲ.

ಎಲ್ವಿಸ್‌ನ ಚರಿತ್ರೆ ಬರೆಯುವವರು ಆ ರಾತ್ರಿಯನ್ನು ಒಂದು ಹೊಸ ಸಂಗೀತ ಹುಟ್ಟಿದ ಗಳಿಗೆ ಎಂದು ಸಂಭ್ರಮಿಸುತ್ತಾರೆ. ನನಗೆ ಆ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ. ಗ್ರಾಮಫೋನ್ ತಟ್ಟೆಗೆ ಮೈಬಣ್ಣ ಇರೋದಿಲ್ಲ. ಕಿವಿಗೆ ಬೀಳುವ ದನಿ ಕೇರಿಯದೋ ಊರಿನದೋ ಅಂತ ಮುಟ್ಟಿ ನೋಡಿ ಹೇಳಕ್ಕಾಗಲ್ಲ. ಕೇಳುವವರಿಗೆ ಅದು ಒಂದೆರಡು ಗಂಟೆ ಕಾಲ ಗೊತ್ತಿರಲಿಲ್ಲ, ಅಷ್ಟಕ್ಕೇ ಅವರಿಗೆ ತಡೆಯಲಾಗಲಿಲ್ಲ.

ಆ ಹಾಡು ‘ದಟ್ಸ್ ಆಲ್ ರೈಟ್’. ಅದನ್ನು ಕಟ್ಟಿದವನು ಆರ್ಥರ್ ಕ್ರೂಡಪ್, ಮಿಸಿಸಿಪ್ಪಿಯ ಫಾರೆಸ್ಟ್ ಎಂಬಲ್ಲಿ 1905ರಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಹೊಲಗೆಲಸ ಮಾಡಿಕೊಂಡಿದ್ದವನು. ಮೂವತ್ತು ದಾಟಿದ ಮೇಲೆ ಚಿಕಾಗೋಗೆ ಹೋಗಿ, ಮೇಲುಸೇತುವೆ ರೈಲಿನ ಕೆಳಗೆ ಮರದ ಪೆಟ್ಟಿಗೆಯೊಂದರಲ್ಲಿ ಮಲಗುತ್ತಾ ಬೀದಿಯಲ್ಲಿ ಹಾಡುತ್ತಿದ್ದ. ಅಲ್ಲಿಂದ ರೆಕಾರ್ಡು ಕಂಪನಿಗೆ ಹಾಡುವ ದಾರಿ ಸಿಕ್ಕಿತು. ಈ ಹಾಡನ್ನು ಅವನು ಆರ್‌ಸಿಎ ವಿಕ್ಟರ್ ಕಂಪನಿಗೆ ಹಾಡಿದ್ದು 1946ರಲ್ಲಿ. (ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡುಬೊಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ನೀಗ್ರೋಗಳು ಕೊಟ್ಟ ಮನವಿಯ ಪ್ರತಿ ಕೇಳಿದ್ದೂ ಅದೇ ವರ್ಷ.) ಆಗ ಕಪ್ಪು ಜನರ ಹಾಡುಗಳ ಮಾರಾಟದ ಪಟ್ಟಿಗೇ ‘ರೇಸ್ ರೆಕಾರ್ಡ್ಸ್’ ಎಂದು ಹೆಸರು. ನಮ್ಮ ಮಾತಲ್ಲಿ ಹೇಳುವುದಾದರೆ ಕೇರಿ ರೆಕಾರ್ಡು. 1949ರಲ್ಲಿ ಆ ಪಟ್ಟಿಗೆ ‘ರಿದಂ ಅಂಡ್ ಬ್ಲೂಸ್’ ಅಂತ ಹೊಸ ಹೆಸರಿಟ್ಟರು. ಹೆಸರು ಬದಲಾಯಿತು, ಪಟ್ಟಿ ಬೇರೆಯಾಗೇ ಉಳಿಯಿತು.

ಎರಡು ರೆಕಾರ್ಡುಗಳನ್ನೂ ಒಂದರ ಹಿಂದೊಂದು ಕೇಳಿದ್ದೇನೆ. ಕ್ರೂಡಪ್‌ನದರಲ್ಲಿ ಗಿಟಾರಿನ ಜೊತೆ ಬಾಸ್, ಡ್ರಮ್ಮು. ಎತ್ತರದ ದನಿ, ಹೋದರೆ ಹೋಗಲಿ ಬಿಡು ಅನ್ನೋ ಧಾಟಿ. ಎಲ್ವಿಸ್‌ನದರಲ್ಲಿ ಡ್ರಮ್ಮೇ ಇಲ್ಲ. ಅವತ್ತು ಜುಲೈ 5, ಸ್ಯಾಮ್ ಫಿಲಿಪ್ಸ್‌ನ ಸನ್ ಸ್ಟುಡಿಯೋದಲ್ಲಿ ಏನು ಹಾಡಿದರೂ ಸರಿಬರದೆ ಎಲ್ಲರೂ ಸುಸ್ತಾಗಿ ಕೂತಿದ್ದಾಗ, ಹುಡುಗ ತಮಾಷೆಗೆ ಕ್ರೂಡಪ್‌ನ ಹಾಡು ಎತ್ತಿಕೊಂಡ. ಸ್ಕಾಟಿ ಮೂರ್ ಗಿಟಾರಿಗೆ, ಬಿಲ್ ಬ್ಲ್ಯಾಕ್ ಬಾಸಿಗೆ ಕೈಹಾಕಿದರು. ಓಟ ಜಾಸ್ತಿ, ಹುಡುಗುತನದ ಹುಮ್ಮಸ್ಸು ಜಾಸ್ತಿ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿದೆ. ಎಲ್ವಿಸ್‌ಗೆ ಹಾಡಕ್ಕೆ ಬರ್ತಿರಲಿಲ್ಲ ಎಂದು ಸಾಧಿಸಹೊರಡುವ ವಿಮರ್ಶೆಯಿಂದ ನಮಗೇನೂ ಲಾಭವಿಲ್ಲ.

ಅವನು ಬಡವ ಅನ್ನುವುದೂ ನಿಜ. ಹುಟ್ಟಿದ್ದು 1935ರಲ್ಲಿ, ಮಿಸಿಸಿಪ್ಪಿಯ ಟ್ಯುಪೆಲೋದಲ್ಲಿ, ಎರಡೇ ಕೋಣೆಯ ಮನೆಯಲ್ಲಿ. ಅಪ್ಪ ಒಂದು ಚೆಕ್ಕು ತಿದ್ದಿದ ಕೇಸಿನಲ್ಲಿ ಜೈಲು ಕಂಡವನು. ಇಲ್ಲಿ ನಮ್ಮ ಎಡಪಂಥೀಯ ಗೆಳೆಯರು ‘ನೋಡಿ, ಇಬ್ಬರೂ ದುಡಿಯುವ ವರ್ಗದವರೇ’ ಎನ್ನಬಹುದು. ಹೌದು, ಇಬ್ಬರ ತಟ್ಟೆಯಲ್ಲೂ ಅನ್ನ ಕಮ್ಮಿಯೇ ಇತ್ತು. ಆದರೆ ಹ್ಯೂಮ್ಸ್ ಅನ್ನೋ ಒಂದು ಮಾತಿಗೆ ಒಬ್ಬನಿಗೆ ತೆರೆದ ಬಾಗಿಲು ಇನ್ನೊಬ್ಬನಿಗೆ ಜನ್ಮದಲ್ಲಿ ತೆರೆಯಲಿಲ್ಲ. ಸನ್ ಕಂಪನಿಗೆ ಮೊದಲು ಹೆಸರು ತಂದದ್ದು 1953ರಲ್ಲಿ ರೂಫಸ್ ಥಾಮಸ್ ಎಂಬ ಕಪ್ಪು ಹಾಡುಗಾರ. ಎಲ್ವಿಸ್ ಬಂದ ಮೇಲೆ ಸ್ಯಾಮ್ ಫಿಲಿಪ್ಸ್ ತಮ್ಮಂಥವರನ್ನು ಬಿಟ್ಟೇಬಿಟ್ಟ ಎಂಬ ಸಂಕಟವನ್ನು ಥಾಮಸ್ ಮುಂದೆಯೂ ಹೇಳಿಕೊಂಡ.

1955ರ ನವೆಂಬರಿನಲ್ಲಿ ಎಲ್ವಿಸ್‌ನ ಕರಾರನ್ನು 35 ಸಾವಿರ ಡಾಲರಿಗೆ ದೊಡ್ಡ ಕಂಪನಿಯೊಂದು ಕೊಂಡಿತು. ಯಾವುದು ಗೊತ್ತೆ? ಆರ್‌ಸಿಎ ವಿಕ್ಟರ್. ಕ್ರೂಡಪ್‌ನ ಹಾಡನ್ನು ಒಂಬತ್ತು ವರ್ಷ ಮೊದಲು ಅಚ್ಚು ಹಾಕಿದ ಅದೇ ಕಂಪನಿ.

ಈಗ ಹೆಸರಿನ ವಿಷಯಕ್ಕೆ ಬರೋಣ. ಕಪ್ಪು ಜನರ ಹೆಸರನ್ನು ಅಳಿಸಿ ಹಾಕಿದರು ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಇಲ್ಲಿ ಹಾಗಾಗಿಲ್ಲ. ಸನ್ ಕಂಪನಿಯ ಆ ತಟ್ಟೆಯ ಮೇಲೆ ಹಾಡಿನ ಹೆಸರಿನ ಕೆಳಗೆ ಆರ್ಥರ್ ಕ್ರೂಡಪ್ ಎಂದು ಅಚ್ಚಾಗಿಯೇ ಇದೆ. ಎಲ್ವಿಸ್ ಕೂಡ 1956ರಲ್ಲಿ ಷಾರ್ಲಟ್ ಎಂಬ ಊರಿನ ಪತ್ರಿಕೆಯವರಿಗೆ, ತಾನು ಮಾಡುತ್ತಿರುವುದನ್ನು ಕಪ್ಪು ಜನ ಎಷ್ಟೋ ವರ್ಷಗಳಿಂದ ಮಾಡುತ್ತಿದ್ದಾರೆ ಎಂದು ಕ್ರೂಡಪ್‌ನ ಹೆಸರು ಹಿಡಿದೇ ಹೇಳಿದ್ದ. ಕರಿಯರು ತನ್ನ ಬೂಟು ಪಾಲಿಶ್ ಮಾಡಲಿಕ್ಕಷ್ಟೇ ಲಾಯಕ್ಕು ಅಂತ ಅವನು ಅಂದನೆಂಬ ಸುದ್ದಿ ಹಬ್ಬಿದಾಗ, 1957ರಲ್ಲಿ ಕಪ್ಪು ಜನರದೇ ‘ಜೆಟ್’ ಪತ್ರಿಕೆ ಬೆನ್ನುಹತ್ತಿ ವಿಚಾರಿಸಿ, ಅದಕ್ಕೆ ಆಧಾರವಿಲ್ಲ ಎಂದು ಬರೆಯಿತು. ಸುಳ್ಳು ಆರೋಪದ ಮೇಲೆ ನಮ್ಮ ವಾದ ನಿಲ್ಲಬಾರದು.

ಹೆಸರು ಇತ್ತು, ಗೌರವದ ಮಾತೂ ಇತ್ತು. ದುಡ್ಡು ಮಾತ್ರ ಇರಲಿಲ್ಲ. ರೆಕಾರ್ಡು ಮಾರಿದಾಗ ಒಂದು ಪಾಲು ಹಾಡು ಕಟ್ಟಿದವನಿಗೂ ಅದರ ಪ್ರಕಾಶಕನಿಗೂ ಹೋಗಬೇಕು, ಇದು ಅಲ್ಲಿನ ಕಾನೂನು. ಕ್ರೂಡಪ್‌ನ ವಹಿವಾಟು ನೋಡಿಕೊಳ್ಳುತ್ತಿದ್ದುದು ಲೆಸ್ಟರ್ ಮೆಲ್ರೋಸ್ ಎಂಬ ಬಿಳಿಯ. ಹಾಡು ಅವನ ಖಾತೆ ಸೇರಿತ್ತು. ಬೇಸತ್ತ ಕ್ರೂಡಪ್ ಹಾಡುವುದನ್ನೇ ನಿಲ್ಲಿಸಿ ಹೊಲಗೆಲಸಕ್ಕೆ ಮರಳಿದ. 1970ರ ದಶಕದ ಮೊದಲಲ್ಲಿ, ಡಿಕ್ ವಾಟರ್‌ಮನ್ ಎಂಬ ಹಿತೈಷಿ ಓಡಾಡಿದ ಮೇಲೆ, 60 ಸಾವಿರ ಡಾಲರು ಕೊಡುವ ಒಪ್ಪಂದವಾಯಿತು. ಮುದುಕ ಮಕ್ಕಳನ್ನು ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋಗಿ ಸಹಿ ಹಾಕಿದ. ಕಾಗದ ಒಳಗೆ ಹೋಯಿತು. ಪ್ರಕಾಶಕರ ಸಹಿ ಬೀಳಲಿಲ್ಲ. ಕೋರ್ಟಿಗೆ ಹೋದರೂ ಇಷ್ಟು ಗಿಟ್ಟುವುದಿಲ್ಲವಲ್ಲ, ನಾವ್ಯಾಕೆ ಕೊಡಬೇಕು ಎಂಬುದು ಅವರ ಲೆಕ್ಕ. ಬಂದ ದಾರಿ ಹಿಡಿದು ವಾಪಸ್ಸು. 1974ರಲ್ಲಿ ಸತ್ತ. ದುಡ್ಡು ಬರಲು ಶುರುವಾದದ್ದು ಆಮೇಲೆ, ಮಕ್ಕಳ ಕಾಲಕ್ಕೆ.

‘ಹೌಂಡ್ ಡಾಗ್’ ಹಾಡಿನ ಕತೆ ಇಷ್ಟು ನೇರ ಅಲ್ಲ. ಇದನ್ನು ಮೊದಲು ಹಾಡಿದವಳು ವಿಲ್ಲಿ ಮೇ ಥಾರ್ನ್‌ಟನ್, ಎಲ್ಲರ ಬಾಯಲ್ಲಿ ಬಿಗ್ ಮಾಮಾ. ಅಲಬಾಮಾದಲ್ಲಿ 1926ರಲ್ಲಿ ಹುಟ್ಟಿದ ಕಪ್ಪು ಹೆಂಗಸು. ಅವಳು ಹಾಡಿದ್ದು 1952ರಲ್ಲಿ. ಬರೆದವರು ಹತ್ತೊಂಬತ್ತರ ಇಬ್ಬರು ಯಹೂದಿ ಹುಡುಗರು, ಲೀಬರ್ ಮತ್ತು ಸ್ಟಾಲರ್. ಕಂಪನಿಯ ಧಣಿ ಡಾನ್ ರೋಬಿ, ಅವನೂ ಕಪ್ಪು ಮನುಷ್ಯನೇ. 1953ರಲ್ಲಿ ಆ ಹಾಡು ಏಳು ವಾರ ಕಪ್ಪು ಜನರ ಪಟ್ಟಿಯ ತಲೆಯಲ್ಲಿ ಕೂತಿತ್ತು. ತನ್ನ ಕೈಗೆ ಬಂದದ್ದು 500 ಡಾಲರಿನ ಒಂದೇ ಚೆಕ್ಕು ಎಂದು ಅವಳು ಹೇಳುತ್ತಿದ್ದಳು. ನಮ್ಮವನೇ ಧಣಿಯಾದರೆ ಲೆಕ್ಕ ಚುಕ್ತಾ ಆಗುತ್ತೆ ಅಂತ ನಂಬಿ ಕೂತವರು ಇದನ್ನು ಸ್ವಲ್ಪ ಯೋಚಿಸಬೇಕು.

ಅವಳ ಬಾಯಲ್ಲಿ ಅದು, ಬಿಟ್ಟಿ ಕೂಳಿಗೆ ಬಂದು ಬಿದ್ದಿರುವ ಗಂಡಸನ್ನು ದುಡಿಯುವ ಹೆಂಗಸೊಬ್ಬಳು ಬಾಗಿಲಾಚೆ ದಬ್ಬುವ ಹಾಡು. ಗುಡುಗಿದ ಹಾಗೆ ಹಾಡುತ್ತಾಳೆ. ಎಲ್ವಿಸ್ ಹಾಡಿದ್ದು ಲಾಸ್ ವೇಗಾಸಿನ ಒಂದು ಬಿಳಿ ಮೇಳ ತಿರುಚಿದ ಪಾಠವನ್ನು. ಅದರಲ್ಲಿ ಹೆಂಗಸೇ ಇಲ್ಲ, ನಾಯಿ ಮಾತ್ರ ನಿಜವಾದ ನಾಯಿ. 1956ರ ಜುಲೈ 1ರಂದು ಟೀವಿಯವರು ಅವನಿಗೆ ಕೋಟು ತೊಡಿಸಿ, ಎದುರಿಗೆ ಜೀವಂತ ನಾಯಿಯೊಂದನ್ನು ಕೂರಿಸಿ ಅದಕ್ಕೆ ಹಾಡಿಸಿದರು. ಮಾರನೇ ದಿನ ಮೂವತ್ತು ಸಲ ಹಾಡಿ ರೆಕಾರ್ಡು ಮಾಡಿದ. ಒಬ್ಬ ಹೆಂಗಸಿನ ಸಿಟ್ಟು ಮಕ್ಕಳ ತಮಾಷೆಯಾಗಿ ಕೋಟಿಗಟ್ಟಲೆ ಜನರ ಮನೆ ಸೇರಿತು. ನನಗೆ ಹಣದ ಮೋಸಕ್ಕಿಂತ ಇದೇ ಹೆಚ್ಚು ಚುಚ್ಚುತ್ತದೆ. ಆಲಿಸ್ ವಾಕರ್ 1981ರ ತಮ್ಮ ಕಥಾಸಂಕಲನದಲ್ಲಿ ಇಂಥದೇ ಒಬ್ಬ ಹಾಡುಗಾರ್ತಿ, ಇಂಥದೇ ಒಬ್ಬ ಬಿಳಿ ಹುಡುಗನ ಕತೆ ಬರೆದಿದ್ದಾರೆ. ಆ ಹುಡುಗನಿಗೆ ತಾನು ಹಾಡುವ ಹಾಡಿನ ಅರ್ಥ ಸಾಯುವತನಕ ತಿಳಿಯುವುದಿಲ್ಲ.

ಆ ತಟ್ಟೆಯ ಇನ್ನೊಂದು ಮುಖದ ‘ಡೋಂಟ್ ಬಿ ಕ್ರೂಯಲ್’ ಬರೆದವನು ಓಟಿಸ್ ಬ್ಲ್ಯಾಕ್‌ವೆಲ್, ಬ್ರೂಕ್ಲಿನ್ನಿನ ಕಪ್ಪು ಕವಿ. ಬರೆದವರು ಎಂಬ ಜಾಗದಲ್ಲಿ ಅವನ ಪಕ್ಕ ಎಲ್ವಿಸ್‌ನ ಹೆಸರೂ ಇದೆ. ಬರೆದದ್ದಕ್ಕಲ್ಲ, ಹಾಡಲು ಒಪ್ಪಿದ್ದಕ್ಕೆ. ಅಮೆರಿಕದಲ್ಲಿ ರೇಡಿಯೋ ಹಾಡು ಹಾಕಿದರೆ ಬರೆದವನಿಗೆ ಹಣ ಸಲ್ಲುತ್ತದೆ, ಹಾಡಿದವನಿಗೆ ಸಲ್ಲುವುದಿಲ್ಲ. ಹಾಗಾಗಿ ಆ ಜಾಗಕ್ಕೆ ಬೆಲೆ. ಬ್ಲ್ಯಾಕ್‌ವೆಲ್ ಒಪ್ಪಿದ, ಅರ್ಧವಾದರೂ ಬರಲಿ ಅಂತ. ‘ಸಾಹಿತ್ಯ: ಜಾನಪದ’ ಎಂದು ಅಚ್ಚಾದ ಕ್ಯಾಸೆಟ್ಟುಗಳು ನಮ್ಮ ಮನೆಗಳಲ್ಲೂ ಇದ್ದವು. ನಮ್ಮಲ್ಲಿ ಆ ಅರ್ಧವನ್ನೂ ಯಾರೂ ಕೇಳಲಿಲ್ಲ.

1956ರ ಏಪ್ರಿಲ್‌ನಲ್ಲಿ, ಎಲ್ವಿಸ್ ಮನೆಮಾತಾಗುತ್ತಿದ್ದ ಹೊತ್ತಿನಲ್ಲೇ, ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ನ್ಯಾಟ್ ಕಿಂಗ್ ಕೋಲ್ ಎಂಬ ಕಪ್ಪು ಗಾಯಕನನ್ನು ಬಿಳಿಯರು ವೇದಿಕೆ ಹತ್ತಿ ಕೆಡವಿದರು. ಅವನು ಹಾಡುತ್ತಿದ್ದುದು ಮೆಲುದನಿಯ ಪ್ರೇಮಗೀತೆ, ಎದುರಿಗಿದ್ದವರೆಲ್ಲ ಬಿಳಿಯರು. ಕಪ್ಪು ಜನರ ಕುಣಿತದ ಹಾಡು ಬಿಳಿ ಮೈಯಿಂದ ಬಂದರೆ ದುಡ್ಡು, ಬಿಳಿಯರಿಗೆ ಒಪ್ಪುವ ಹಾಡು ಕಪ್ಪು ಮೈಯಿಂದ ಬಂದರೂ ಏಟು.

ಎಲ್ವಿಸ್‌ನ ಅದೇ ಮೆಂಫಿಸ್‌ನಲ್ಲಿ 1968ರ ಫೆಬ್ರವರಿ 1ರಂದು ಕಸದ ಲಾರಿಯೊಂದರಲ್ಲಿ ಇಬ್ಬರು ಕಪ್ಪು ಪೌರಕಾರ್ಮಿಕರು ನಜ್ಜುಗುಜ್ಜಾಗಿ ಸತ್ತರು, ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್. ಮಳೆ ಬರುತ್ತಿತ್ತು, ನಿಲ್ಲಲು ಬೇರೆ ಸೂರಿರಲಿಲ್ಲ, ಲಾರಿಯ ಹಿಂಭಾಗದಲ್ಲಿ ಕೂತಿದ್ದರು, ಕಸ ಅದುಮುವ ಯಂತ್ರ ಚಾಲೂ ಆಯಿತು. ಸಾವಿರದ ಮುನ್ನೂರು ಜನ ಕೆಲಸ ಬಿಟ್ಟು ‘ನಾನು ಮನುಷ್ಯ’ ಎಂದು ಬರೆದ ಹಲಗೆ ಹಿಡಿದು ಬೀದಿಗಿಳಿದರು. ಅವರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಏಪ್ರಿಲ್ 4ರಂದು ಅಲ್ಲೇ ಕೊಂದರು. ಎಲ್ವಿಸ್ ಆ ಜೂನ್‌ನಲ್ಲಿ ಸೋದರಭಾವದ ಕನಸಿನ ಒಂದು ಹಾಡು ಹಾಡಿದ. 1969ರಲ್ಲಿ ಮೆಂಫಿಸ್‌ಗೇ ಬಂದು ಕೊಳೆಗೇರಿಯಲ್ಲಿ ಹುಟ್ಟಿ ಬೀದಿಯಲ್ಲಿ ಸಾಯುವ ಮಗುವಿನ ಮೇಲೆ ‘ಇನ್ ದ ಘೆಟ್ಟೋ’ ಹಾಡಿದ. ಎರಡನ್ನೂ ಎದೆಯಿಂದ ಹಾಡಿದ್ದಾನೆ, ಅನುಮಾನವಿಲ್ಲ. ಎರಡನ್ನೂ ಬರೆದುಕೊಟ್ಟವರು ಬಿಳಿಯರು.

1977ರಲ್ಲಿ ಎಲ್ವಿಸ್ ಸತ್ತ. 1986ರಲ್ಲಿ ಅಲ್ಲಿನ ರಾಕ್ ಸಂಗೀತದ ಗೌರವ ಪಟ್ಟಿ ಶುರುವಾದಾಗ ಮೊದಲ ಸಾಲಿನಲ್ಲೇ ಅವನ ಹೆಸರಿತ್ತು. ಬಿಗ್ ಮಾಮಾ 1984ರಲ್ಲಿ ಲಾಸ್ ಏಂಜಲೀಸಿನ ಒಂದು ಬಾಡಿಗೆ ಕೋಣೆಯಲ್ಲಿ ತೀರಿಕೊಂಡಳು. ಅವಳ ಹೆಸರು ಆ ಪಟ್ಟಿಗೆ ಸೇರಿದ್ದು 2024ರಲ್ಲಿ.